ಎಎಫ್‌-ಎಕ್ಸ್‌ಡಿಪಿ ಟಿಎಕ್ಸ್ ಮೆಟಾಡೇಟಾ: ಬಳಸಿದವರು ಅನುಭವ ತಿಳಿಸಿ

ಪ್ರಶ್ನೆ ಕೇಳಿದವರು: ನಮ್ಮ ಯುಡಿಪಿ ಪ್ಯಾಕೆಟ್‌ಗಳು ಎಎಫ್‌-ಎಕ್ಸ್‌ಡಿಪಿ (ಲಿನಕ್ಸ್ ಕರ್ನಲ್‌ನ ಸಾಮಾನ್ಯ ನೆಟ್‌ವರ್ಕ್ ದಾರಿಯನ್ನು ಬಳಸದೆ ವೇಗವಾಗಿ ಕಳುಹಿಸುವ) ಸಾಕೆಟ್‌ನಿಂದ ಝೀರೋ-ಕಾಪಿಯಲ್ಲಿ (ನಕಲಾಗದೆ) ಹೊರಡುತ್ತವೆ, ಚೆಕ್‌ಸಮ್ (ದೋಷ ಪತ್ತೆಗೆ ಹಾಕುವ ಮೊತ್ತ) ಮಾತ್ರ ಇನ್ನೂ ಸಿಪಿಯುವಿನ ಪಾಲಿಗೇ ಉಳಿದಿದೆ. ಲಿನಕ್ಸ್ 6.8ರಲ್ಲಿ ಬಂದ ಟಿಎಕ್ಸ್ ಮೆಟಾಡೇಟಾದ (ಕಳುಹಿಸುವ ಪ್ಯಾಕೆಟ್ ಎದುರಿಗೆ ಇಡುವ ಕೋರಿಕೆಯ ಬೈಟ್‌ಗಳ) ಮೂಲಕ ಆ ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೆ ಒಪ್ಪಿಸಿ, ಪ್ಯಾಕೆಟ್ ಹೊರಟ ಸಮಯವನ್ನೂ ಪಡೆಯಬೇಕೆಂದಿದ್ದೇವೆ. ಪ್ಯಾಕೆಟ್ ಇಡುವ ಫ್ರೇಮ್ 2048 ಬೈಟಿನದು. ಈ ದಾರಿಯಲ್ಲಿ ನಡೆದವರು ಏನೇನು ಎದುರಿಸಿದಿರಿ?

ರಿಂಗ್‌ಪಾಲಕ: ಧೈರ್ಯವಾಗಿ ಬಳಸಿ. ನಾವು ಮೊದಲು ಸಾಮಾನ್ಯ ಸಾಕೆಟ್‌ನಲ್ಲಿ ಎರರ್ ಕ್ಯೂ (ಕರ್ನಲ್ ಸೂಚನೆಗಳನ್ನಿಡುವ ಪ್ರತ್ಯೇಕ ಸಾಲು) ಓದಿ ಟೈಮ್‌ಸ್ಟ್ಯಾಂಪ್ ಪಡೆಯುತ್ತಿದ್ದೆವು. ಸಮಯ ಓದಲೆಂದೇ ಮತ್ತೆ ಮತ್ತೆ ಕರ್ನಲ್‌ಗೆ ಹೋಗಿ ಬರಬೇಕಾಗಿದ್ದರಿಂದ ಒಂದು ಕೋರ್‌ನ ದೊಡ್ಡ ಪಾಲು ಅದಕ್ಕೇ ಸವೆಯುತ್ತಿತ್ತು. ಈಗ ಕಂಪ್ಲೀಷನ್ ರಿಂಗ್‌ನಲ್ಲಿ (ಕಳುಹಿಸಿ ಮುಗಿದ ಫ್ರೇಮ್‌ಗಳ ಸಾಲಿನಲ್ಲಿ) ವಿಳಾಸ ಮರಳುವ ಹೊತ್ತಿಗೆ ಸಮಯವು ಪ್ಯಾಕೆಟ್‌ನ ಎದುರಿಗೇ ಬರೆದಿರುತ್ತದೆ. ಆದರೆ ಕೋರಿಕೆಗೂ ಉತ್ತರಕ್ಕೂ ಜಾಗ ಒಂದೇ ಎಂಬುದನ್ನು ಮರೆಯಬೇಡಿ. ನೀವು ಚೆಕ್‌ಸಮ್‌ನ ಆರಂಭವನ್ನೂ ಆಫ್‌ಸೆಟ್ಟನ್ನೂ (ಎಲ್ಲಿಂದ ಲೆಕ್ಕ ಹಾಕಬೇಕು, ಎಲ್ಲಿ ಬರೆಯಬೇಕು ಎಂಬುದನ್ನು) ಬರೆದ ಬೈಟ್‌ಗಳ ಮೇಲೆಯೇ ಟೈಮ್‌ಸ್ಟ್ಯಾಂಪ್ ಬಂದು ಕೂರುತ್ತದೆ. ನಮ್ಮ ತಂಡದ ಕೋಡ್ ಫ್ರೇಮ್ ಮರುಬಳಸುವಾಗ ಅವನ್ನು ಮತ್ತೆ ತುಂಬುತ್ತಿರಲಿಲ್ಲ. ನಮ್ಮ ಕಾರ್ಡಿನ ಡ್ರೈವರ್ ಆ ಎರಡು ಸಂಖ್ಯೆಗಳನ್ನು ನೋಡುವುದೇ ಇಲ್ಲವಾದ್ದರಿಂದ ಅಲ್ಲಿ ಎಲ್ಲವೂ ಸರಾಗವಾಗಿ ನಡೆದು, ಕಾಪಿ ಮೋಡ್‌ನ (ಕರ್ನಲ್ ಪ್ಯಾಕೆಟ್ಟನ್ನು ನಕಲಿಸಿ ಕಳುಹಿಸುವ ಬಗೆಯ) ಪರೀಕ್ಷೆಯಲ್ಲಿ ಮಾತ್ರ ಮೊದಲ ಸುತ್ತು ಗೆದ್ದು ಎರಡನೆಯ ಸುತ್ತಿನಲ್ಲಿ ಕರ್ನಲ್ ಪ್ಯಾಕೆಟ್‌ಗಳನ್ನು ತಿರಸ್ಕರಿಸತೊಡಗಿತು. ಕಾರಣ ಹುಡುಕಲು ಸ್ವಿಚ್‌ನಲ್ಲಿ ಮಿರರ್ ಪೋರ್ಟ್ ತೆರೆದು, ಪ್ಯಾಕೆಟ್ ಹಿಡಿಯಲು ಪ್ರತ್ಯೇಕ ಯಂತ್ರವನ್ನೇ ನಿಲ್ಲಿಸಿದೆವು. ಆ ಯಂತ್ರದ ಖರ್ಚಿನ ಬಗ್ಗೆ ಲೆಕ್ಕಪತ್ರ ವಿಭಾಗ ಇಂದಿಗೂ ಕೇಳುತ್ತದೆ.

ಹಳೆಯ ಪೋಲರ್: ಇಷ್ಟೆಲ್ಲ ಯಾಕೆ ಬೇಕು ಸ್ವಾಮಿ? ನಾವು ಡಿಪಿಡಿಕೆ (ಕರ್ನಲ್ ಬಿಟ್ಟು ಕಾರ್ಡನ್ನು ನೇರವಾಗಿ ನಡೆಸುವ ಗ್ರಂಥಾಲಯ) ಬಿಡಲೇ ಇಲ್ಲ. ಅಲ್ಲಿ 128 ಬೈಟ್‌ಗಳ ಎಂಬಫ್‌ನಲ್ಲಿ (ಪ್ಯಾಕೆಟ್‌ನ ವಿವರ ಇಡುವ ರಚನೆಯಲ್ಲಿ) ಆಫ್‌ಲೋಡ್ (ಕೆಲಸವನ್ನು ಕಾರ್ಡಿಗೆ ಒಪ್ಪಿಸುವ) ಕೋರಿಕೆಗೆ ತನ್ನದೇ ಜಾಗವಿದೆ. ಪ್ಯಾಕೆಟ್ ಎದುರಿನ ಕೆಲವು ಬೈಟ್‌ಗಳಿಗಾಗಿ ಕೋರಿಕೆ, ಉತ್ತರ ಎರಡೂ ಬಡಿದಾಡುವುದಿಲ್ಲ. ಇದಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡುವುದಿಲ್ಲ: ನಮ್ಮ ಕಾರ್ಡು ಕರ್ನಲ್‌ನ ಕೈತಪ್ಪಿತು, ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್‌ಗೆ ಅದು ಕಾಣದಾಯಿತು, ನಿರ್ವಹಣೆಗೆಂದು ಪ್ರತಿ ಸರ್ವರ್‌ಗೂ ಇನ್ನೊಂದು ಸಣ್ಣ ಕಾರ್ಡು ಕೊಳ್ಳಬೇಕಾಯಿತು, ಜೊತೆಗೆ ಪ್ಯಾಕೆಟ್ ಇರಲಿ ಬಿಡಲಿ ಒಂದು ಕೋರ್ ಸದಾ ಸುತ್ತುತ್ತಲೇ ಇರುತ್ತದೆ. ವಿದ್ಯುತ್ ಬಿಲ್ಲಿಗೆ ನಾವು ಒಗ್ಗಿಕೊಂಡಿದ್ದೇವೆ.

ರಿಂಗ್‌ಪಾಲಕ: ಕಾರ್ಡು ಕಳೆದುಕೊಂಡವರು ಜಾಗದ ಬಗ್ಗೆ ಪಾಠ ಹೇಳುವುದು ವಿಚಿತ್ರವಾಗಿದೆ. ಪ್ರಶ್ನೆ ಕೇಳಿದವರು ಎಎಫ್‌-ಎಕ್ಸ್‌ಡಿಪಿಯಲ್ಲಿ ಈಗಾಗಲೇ ಇದ್ದಾರೆ.

ಅಪ್‌ಗ್ರೇಡ್‌ನಲ್ಲಿ ಬಿದ್ದವನು: ನಿಮ್ಮಿಬ್ಬರ ಜಗಳದ ನಡುವೆ ನನ್ನ ಸಂಕಟವನ್ನೂ ಕೇಳಿ. ನಾವು ಮೆಟಾಡೇಟಾವನ್ನು ಬಯಸಿದವರೇ ಅಲ್ಲ. ಯುಮೆಮ್ (ಫ್ರೇಮ್‌ಗಳಿರುವ ಮೆಮೊರಿ) ನೋಂದಾಯಿಸುವ ರಚನೆಯಲ್ಲಿ 28 ಬೈಟ್‌ಗಳ ನಂತರ ನಾಲ್ಕು ಬೈಟ್ ಪ್ಯಾಡಿಂಗ್ ಖಾಲಿ ಇತ್ತು, 6.8ರಲ್ಲಿ ಟಿಎಕ್ಸ್ ಮೆಟಾಡೇಟಾದ ಉದ್ದಕ್ಕೆ ಅದೇ ಜಾಗ ಸಿಕ್ಕಿತು. ನಮ್ಮ ಹಳೆಯ ಕಾರ್ಯಕ್ರಮ ಆ ಪ್ಯಾಡಿಂಗ್‌ಗೆ ಏನನ್ನೂ ಬರೆಯುತ್ತಿರಲಿಲ್ಲ. ಸ್ಟ್ಯಾಕ್‌ನಲ್ಲಿದ್ದ ಕಸವೇ ಉದ್ದವೆಂದು ಕರ್ನಲ್‌ಗೆ ತಲುಪಿ ನೋಂದಣಿಯೇ ವಿಫಲವಾಯಿತು. ಒಂದು ಯಂತ್ರದಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಇಲ್ಲ. ಡೀಬಗ್ ಬಿಲ್ಡ್ ಓಡುತ್ತದೆ, ರಿಲೀಸ್ ಬಿಲ್ಡ್ ಇಲ್ಲ. ಸರ್ವರ್‌ಗಳನ್ನೆಲ್ಲ ಹಿಂದಿನ ಕರ್ನಲ್‌ಗೆ ಇಳಿಸಿ, ಗ್ರಾಹಕರಿಗೆ ವಿವರಣೆ ಬರೆದು ಸಾಕಾಯಿತು. ಆಮೇಲೆ 2024ರಲ್ಲಿಯೇ, ಎಕ್ಸ್‌ಡಿಪಿ_ಯುಮೆಮ್_ಟಿಎಕ್ಸ್_ಮೆಟಾಡೇಟಾ_ಲೆನ್ ಎಂಬ ಫ್ಲ್ಯಾಗ್ ಇದ್ದರೆ ಮಾತ್ರ ಆ ಉದ್ದವನ್ನು ಗಣಿಸುವಂತೆ ತಿದ್ದಿದರು.

ಹಳೆಯ ಪೋಲರ್: ರಚನೆಯನ್ನು ಸೊನ್ನೆಯಿಂದ ತುಂಬಿ ಆಮೇಲೆ ಬಳಸಬೇಕೆಂಬುದು ಹೊಸ ಮಾತೇನಲ್ಲ.

ಅಪ್‌ಗ್ರೇಡ್‌ನಲ್ಲಿ ಬಿದ್ದವನು: ಬಳಕೆದಾರನ ಕಾರ್ಯಕ್ರಮವನ್ನು ಮುರಿಯಬಾರದೆಂಬುದು ಕರ್ನಲ್‌ನವರದ್ದೇ ನಿಯಮ. ಆ ತಿದ್ದುಪಡಿ ಬಂದದ್ದೇ ಅವರೂ ಅದನ್ನು ಒಪ್ಪಿದ್ದಾರೆಂಬುದಕ್ಕೆ ಸಾಕ್ಷಿ. ಅದರ ಇನ್ನೊಂದು ಮುಖವನ್ನೂ ಕೇಳಿ: 6.8ಕ್ಕೆಂದು ಫ್ಲ್ಯಾಗ್ ಇಲ್ಲದೆ ಬರೆದ ಕೋಡ್ ಹೊಸ ಕರ್ನಲ್‌ನಲ್ಲಿ ಝೀರೋ-ಕಾಪಿಯಲ್ಲಿ ದೂರು ಹೇಳದೆ ಓಡುತ್ತದೆ, ಮೆಟಾಡೇಟಾ ಮಾತ್ರ ಕೆಲಸ ಮಾಡುವುದಿಲ್ಲ.

ಗಡಿಯಾರದವಳು: ನಮ್ಮದು ನಿಗದಿತ ಕ್ಷಣಕ್ಕೆ ಪ್ಯಾಕೆಟ್ ಬಿಡುವ ಕೆಲಸ, ಆದ್ದರಿಂದ ನಂತರದ ಆವೃತ್ತಿಗಳಲ್ಲಿ ಬಂದ ಲಾಂಚ್ ಟೈಮ್ ಫ್ಲ್ಯಾಗನ್ನೇ ಹಿಡಿದೆವು. ಅದು ಬಂದ ಮೇಲೆ ಮೆಟಾಡೇಟಾ ರಚನೆ 16 ಬೈಟಿನಿಂದ 24ಕ್ಕೆ ಬೆಳೆದಿದೆ. ಉದ್ದ ಎಂಟರ ಗುಣಕವಾಗಿದ್ದು 256ಕ್ಕಿಂತ ಕಡಿಮೆಯಿರಬೇಕು. ನಮ್ಮನ್ನು ಸುಸ್ತು ಮಾಡಿದ್ದು ಗಡಿಯಾರ. ಕಾರ್ಡಿನ ಪಿಟಿಪಿ (ಜಾಲದ ಮೂಲಕ ಹೊಂದಿಸುವ) ಗಡಿಯಾರ ಟಿಎಐ (ಲೀಪ್ ಸೆಕೆಂಡು ಸೇರಿಸದ ಪರಮಾಣು) ಕಾಲದಲ್ಲಿ ನಡೆಯುತ್ತಿದ್ದರೆ, ನಮ್ಮ ಗ್ರಂಥಾಲಯ ಸಿಸ್ಟಮ್ ಗಡಿಯಾರದ ಯುಟಿಸಿ ಕಾಲವನ್ನು ಕೊಡುತ್ತಿತ್ತು. 2017ರಿಂದ ಇವೆರಡರ ಅಂತರ 37 ಸೆಕೆಂಡು, ಹಾಗಾಗಿ ನಾವು ಕೊಟ್ಟ ಪ್ರತಿ ಸಮಯವೂ ಕಾರ್ಡಿನ ಪಾಲಿಗೆ ಎಂದೋ ಕಳೆದುಹೋದದ್ದಾಗಿತ್ತು.

ಹಳೆಯ ಪೋಲರ್: ಲಾಂಚ್ ಟೈಮ್ ಬಗ್ಗೆ ಇಲ್ಲಿ ಯಾರೂ ಕೇಳಿರಲಿಲ್ಲ. ಕಾರ್ಡು ಸಾಥ್ ಕೊಡದಿದ್ದರೆ ಕರ್ನಲ್‌ನಲ್ಲಿಯೇ ಸಾಫ್ಟ್‌ವೇರ್ ಚೆಕ್‌ಸಮ್ ಆಯ್ಕೆ ಇದೆಯಲ್ಲ, ಅದನ್ನು ಹೇಳಿ ಮುಗಿಸಿ.

ಗಡಿಯಾರದವಳು: ನಿಮ್ಮ ವಿದ್ಯುತ್ ಬಿಲ್ಲನ್ನೂ ಯಾರೂ ಕೇಳಿರಲಿಲ್ಲ. ಆ ಆಯ್ಕೆ ಕಾಪಿ ಮೋಡ್‌ಗೆ ಮಾತ್ರ, ಅದೂ ಪರೀಕ್ಷೆಗೆಂದು ಇಟ್ಟದ್ದು; ಉತ್ಪಾದನೆಯಲ್ಲಿ ಬಳಸಬೇಡಿರೆಂದು ಕರ್ನಲ್‌ನ ದಾಖಲೆಯೇ ಹೇಳುತ್ತದೆ. ಝೀರೋ-ಕಾಪಿಯವರಿಗೆ ಅದನ್ನು ಸೂಚಿಸುವ ಮುನ್ನ ಓದಬೇಕಿತ್ತು.

ರಿಂಗ್‌ಪಾಲಕ: ಇದೊಂದನ್ನು ಒಪ್ಪುತ್ತೇನೆ. ಝೀರೋ-ಕಾಪಿಯಲ್ಲಿ ಮೆಟಾಡೇಟಾ ಫ್ಲ್ಯಾಗ್‌ಗಳು ತಪ್ಪಾಗಿದ್ದರೆ ಬಳಕೆದಾರನಿಗೆ ತಿಳಿಸುವ ದಾರಿಯೇ ಇಲ್ಲ, ಆಫ್‌ಲೋಡ್ ಇಲ್ಲದೆ ಪ್ಯಾಕೆಟ್ ಹಾಗೆಯೇ ಹೊರಟುಬಿಡುತ್ತದೆ. ಕಾರ್ಡಿಗೆ ಚೆಕ್‌ಸಮ್ ಬರುತ್ತದೆಯೇ ಎಂಬುದನ್ನು ಮೊದಲು ನೆಟ್‌ಲಿಂಕ್ (ಕರ್ನಲ್‌ ಜೊತೆ ಮಾತಾಡುವ ದಾರಿ) ಮೂಲಕ ಕೇಳಿ ನೋಡಿ. ಸೂಡೋ ಹೆಡರ್‌ನ (ಐಪಿ ವಿಳಾಸಗಳು, ಪ್ರೋಟೋಕಾಲ್, ಉದ್ದ ಇವುಗಳ) ಮೊತ್ತವನ್ನು ಚೆಕ್‌ಸಮ್ ಜಾಗದಲ್ಲಿ ನೀವೇ ತುಂಬಿರಬೇಕು. ಪ್ಯಾಕೆಟ್ ಹಲವು ಫ್ರೇಮ್‌ಗಳಿಗೆ ಹರಡಿದರೆ ಮೆಟಾಡೇಟಾ ಮೊದಲ ಫ್ರೇಮಿಗೆ ಮಾತ್ರ.

ಅಪ್‌ಗ್ರೇಡ್‌ನಲ್ಲಿ ಬಿದ್ದವನು: ತಿಳಿಸುವ ದಾರಿಯೇ ಇಲ್ಲದ ಸೌಲಭ್ಯವನ್ನು "ಧೈರ್ಯವಾಗಿ ಬಳಸಿ" ಎಂದು ಮೊದಲ ಸಾಲಿನಲ್ಲೇ ಬರೆದವರು ನೀವೇ ಅಲ್ಲವೇ?