ವೈರಾಣು ಸೋಂಕುಗಳ ವಿರುದ್ಧ ರೋಗನಿರೋಧಕ ಶಕ್ತಿ: ಸಹಜ ವಿಧಾನಗಳಲ್ಲಿ ನಿಜಕ್ಕೂ ಫಲ ಕೊಡುವುದು ಯಾವುದು?

ಪ್ರಶ್ನೆ

ನಾನು ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ತರಗತಿಯಲ್ಲಿ ಒಂದು ಮಗುವಿಗೆ ನೆಗಡಿ ಬಂದರೆ ವಾರ ಕಳೆಯುವುದರೊಳಗೆ ಅರ್ಧ ತರಗತಿಗೆ ಹರಡುತ್ತದೆ, ಅದರ ಬೆನ್ನಿಗೇ ನನಗೂ ಗಂಟಲು ಕೆರೆತ ಆರಂಭವಾಗುತ್ತದೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ನನ್ನಲ್ಲಿ ನಾಲ್ಕು ದಿನಕ್ಕೆ ಮುಗಿಯುವ ಕೆಮ್ಮು ಅವರಿಗೆ ತಗುಲಿದರೆ ವಾರಗಟ್ಟಲೆ ಬಿಡುವುದಿಲ್ಲ ಎಂಬುದೇ ನನ್ನ ದೊಡ್ಡ ಆತಂಕ.

ರೋಗನಿರೋಧಕ ಶಕ್ತಿಗೆ ಸಹಜವಾಗಿ ಬೆಂಬಲ ಕೊಡುವ ದಾರಿಗಳನ್ನು ಹುಡುಕುತ್ತಿದ್ದೇನೆ. ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ: ವಿಟಮಿನ್ ಸಿ, ಸತುವಿನ ಮಾತ್ರೆ, ಬೆಳ್ಳುಳ್ಳಿ, ಜೇನುತುಪ್ಪ, ಹಬೆ, ಗಿಡಮೂಲಿಕೆಗಳ ಪುಡಿ. ಇವೆಲ್ಲವನ್ನೂ ದಿನನಿತ್ಯ ಮಾಡುವಷ್ಟು ಬಿಡುವು ನನಗಿಲ್ಲ. ಮೊದಲು ಗಮನ ಕೊಡಬೇಕಾದದ್ದು ಯಾವುದಕ್ಕೆ, ಕೈಬಿಟ್ಟರೂ ನಷ್ಟವಿಲ್ಲದ್ದು ಯಾವುದು, ಯಾವುದರಿಂದಾದರೂ ತೊಂದರೆಯಾಗುವ ಸಂಭವವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಾನು ಶರೀರಕ್ರಿಯಾಶಾಸ್ತ್ರ ಬೋಧಿಸುವವನು. ತಾವು ಆದ್ಯತೆಯ ಕ್ರಮ ಕೇಳಿದ್ದೀರಿ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ: ನಿದ್ದೆ, ಆಮೇಲೆ ನಿತ್ಯದ ನಡಿಗೆ, ಅದಾದ ಮೇಲೆ ಹೊಟ್ಟೆ ತುಂಬ ವೈವಿಧ್ಯದ ಊಟ. ಮಾತ್ರೆ ಪುಡಿಗಳ ಸರದಿ ಬರುವುದು ಇವೆಲ್ಲದರ ನಂತರ.

ಕಾರಣ ತಿಳಿಯಬೇಕಾದರೆ ವೈರಾಣು ಮೂಗಿಗೆ ಸೇರಿದಾಗ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂಗಿನ ಒಳಗೋಡೆಯನ್ನು ಲೋಳೆಯ ತೆಳುವಾದ ಪದರ ಹೊದ್ದಿರುತ್ತದೆ. ಅದರ ಅಡಿಯ ಜೀವಕೋಶಗಳ ಮೇಲಿರುವ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಸುಮಾರು ಹತ್ತು ಬಾರಿ ಬಡಿಯುತ್ತ, ಲೋಳೆಗೆ ಅಂಟಿದ ಕಣಗಳನ್ನು ಗಂಟಲಿನ ಕಡೆಗೆ ತಳ್ಳುತ್ತಲೇ ಇರುತ್ತವೆ. ಹಾಗೆ ಬಂದದ್ದನ್ನು ನಾವು ಅರಿವಿಲ್ಲದೆ ನುಂಗುತ್ತೇವೆ, ಜಠರದ ಆಮ್ಲ ಅದರ ಬಹುಭಾಗವನ್ನು ನಾಶ ಮಾಡುತ್ತದೆ. ಈ ಕಾವಲನ್ನು ದಾಟಿ ವೈರಾಣು ಜೀವಕೋಶದೊಳಗೆ ನುಗ್ಗಿತೆಂದರೆ, ಆ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಲಂಡನ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇದನ್ನು ಗುರುತಿಸಿದರು. ನಿರ್ದಿಷ್ಟ ವೈರಾಣುವಿಗೇ ಗುರಿಯಿಡುವ ಟಿ ಕೋಶಗಳೂ (ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಹೋರಾಡುವ ಬಿಳಿ ರಕ್ತಕಣಗಳು) ಪ್ರತಿಕಾಯಗಳೂ (ವೈರಾಣುವಿಗೆ ಅಂಟಿಕೊಂಡು ತಡೆಯುವ ಪ್ರೋಟೀನುಗಳು) ಸಾಕಷ್ಟು ಪ್ರಮಾಣದಲ್ಲಿ ಸಿದ್ಧವಾಗಲು, ಹೊಸ ವೈರಾಣುವಾದರೆ, ಒಂದು ವಾರವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ.

ಸೋರುವ ಮೂಗು, ನೋಯುವ ಗಂಟಲು, ಜ್ವರ, ಮೈಕೈ ನೋವು ಇವುಗಳಲ್ಲಿ ಬಹುಪಾಲು ಈ ಪ್ರತಿರೋಧದಿಂದಲೇ ಉಂಟಾಗುತ್ತವೆ. ತೀವ್ರ ಸ್ವರೂಪದ ಇನ್‌ಫ್ಲುಯೆಂಜಾ ಮತ್ತು ಕೋವಿಡ್‌ನಲ್ಲಿ ಕೆಲವರ ಶ್ವಾಸಕೋಶ ಹದಗೆಡುವುದಕ್ಕೆ ಮಿತಿಮೀರಿದ ಉರಿಯೂತವೇ ಒಂದು ಮುಖ್ಯ ಕಾರಣ. ಹೀಗಿರುವಾಗ ಈ ವ್ಯವಸ್ಥೆಯನ್ನು ಸುಮ್ಮನೆ ಇನ್ನಷ್ಟು ಕೆರಳಿಸಬೇಕೆಂಬ ಜಾಹೀರಾತಿನ ಮಾತಿಗೆ ಅರ್ಥವಿಲ್ಲ. ಅದು ಹೊತ್ತಿಗೆ ಸರಿಯಾಗಿ ಎಚ್ಚೆತ್ತು, ಕೆಲಸ ಮುಗಿದ ಮೇಲೆ ಶಾಂತವಾಗಬೇಕು. ಅದಕ್ಕೆ ಅಡ್ಡಿಯಾಗುವ ಸಂಗತಿಗಳನ್ನು ತೆಗೆದುಹಾಕುವುದೇ ನಮ್ಮ ಕೈಲಾಗುವ ಕೆಲಸ.

ಅಂಥ ಅಡ್ಡಿಗಳಲ್ಲಿ ದೊಡ್ಡದು ನಿದ್ದೆಗೇಡು ಎಂದು ನಾನು ದೃಢವಾಗಿ ನಂಬಿದ್ದೇನೆ. 2015ರಲ್ಲಿ ಎರಿಕ್ ಪ್ರೇಥರ್ ಮತ್ತು ಶೆಲ್ಡನ್ ಕೋಹೆನ್ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 164 ಆರೋಗ್ಯವಂತ ವಯಸ್ಕರ ನಿದ್ದೆಯನ್ನು ಮಣಿಕಟ್ಟಿಗೆ ಕಟ್ಟಿದ ಸಾಧನದಿಂದ ಒಂದು ವಾರ ಅಳೆದು, ನಂತರ ಎಲ್ಲರ ಮೂಗಿಗೂ ನೆಗಡಿಯ ರೈನೋವೈರಸ್ ಹನಿಗಳನ್ನು ಬಿಟ್ಟು, ಪ್ರತ್ಯೇಕವಾಗಿ ಇರಿಸಿ ಗಮನಿಸಲಾಯಿತು. ಅವರು ಮೂಗು ಒರೆಸಿದ ಕಾಗದಗಳನ್ನು ಕೂಡ ತೂಗಿ ಲೋಳೆಯ ಪ್ರಮಾಣ ಲೆಕ್ಕ ಹಾಕಲಾಗಿತ್ತು. ರಾತ್ರಿ ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ, ಆರು ಗಂಟೆಗಿಂತ ಕಡಿಮೆ ಮಲಗಿದವರಲ್ಲಿ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು. ವಯಸ್ಸು, ಒತ್ತಡ, ಧೂಮಪಾನ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. 2002ರ ಇನ್ನೊಂದು ಚಿಕ್ಕ ಪ್ರಯೋಗದಲ್ಲಿ, ಕೆಲವು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ಫ್ಲೂ ಲಸಿಕೆ ಕೊಟ್ಟಾಗ, ಹತ್ತು ದಿನಗಳ ನಂತರ ಅವರ ಪ್ರತಿಕಾಯಗಳ ಮಟ್ಟ ಎಂದಿನಂತೆ ಮಲಗಿದವರ ಅರ್ಧಕ್ಕಿಂತಲೂ ಕಡಿಮೆಯಿತ್ತು. ತರಗತಿಯ ನೋಟ್‌ಬುಕ್ ತಿದ್ದುವುದಕ್ಕೆಂದು ತಾವು ನಿದ್ದೆ ಕಡಿತಗೊಳಿಸುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ ಎಂಬುದು ನನ್ನ ಕಳಕಳಿಯ ವಿನಂತಿ.

ನಡಿಗೆಯ ವಿಷಯಕ್ಕೆ ಬಂದರೆ, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಸುಮಾರು ಸಾವಿರ ವಯಸ್ಕರನ್ನು ಹನ್ನೆರಡು ವಾರ ಗಮನಿಸಿದ ಒಂದು ಅಧ್ಯಯನದಲ್ಲಿ, ವಾರಕ್ಕೆ ಐದು ದಿನವಾದರೂ ವ್ಯಾಯಾಮ ಮಾಡುತ್ತಿದ್ದವರು ನೆಗಡಿ ಕೆಮ್ಮಿನಿಂದ ನರಳಿದ ದಿನಗಳು ಅಷ್ಟಾಗಿ ಮೈಬಗ್ಗಿಸದವರಿಗಿಂತ ಶೇಕಡಾ 43ರಷ್ಟು ಕಡಿಮೆ ಇದ್ದವು. ಇದು ಗಮನಿಸಿ ಕಂಡ ಸಂಬಂಧವೇ ಹೊರತು ಪ್ರಯೋಗ ಮಾಡಿ ಸಾಧಿಸಿದ್ದಲ್ಲ. ಆದರೂ ನಡಿಗೆಗೆ ಬೇರೆ ನೂರು ಪ್ರಯೋಜನಗಳಿರುವುದರಿಂದ ಹಿಂಜರಿಯಬೇಕಾಗಿಲ್ಲ. ಧೂಮಪಾನವಿದ್ದರೆ ಬಿಡಲೇಬೇಕು, ಏಕೆಂದರೆ ಮೇಲೆ ಹೇಳಿದ ರೋಮಗಳನ್ನು ಹೊಗೆ ನೇರವಾಗಿ ಹಾಳುಮಾಡುತ್ತದೆ.

ಉತ್ತರ 2

ಮೇಲಿನವರು ಊಟದ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಆಹಾರತಜ್ಞೆಯಾಗಿ ನಾನು ಪ್ರತಿದಿನ ಎದುರಿಸುವ ಪ್ರಶ್ನೆಗಳೇ ಮಾತ್ರೆಗಳ ಕುರಿತಾಗಿರುವುದರಿಂದ ಅದನ್ನಷ್ಟು ಬಿಡಿಸಿ ಹೇಳುತ್ತೇನೆ.

ವಿಟಮಿನ್ ಸಿ ಕುರಿತು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿದೆ. ದಿನವೂ ಸೇವಿಸಿದರೂ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ವಯಸ್ಕರಲ್ಲಿ ಶೇಕಡಾ 8ರಷ್ಟು, ಮಕ್ಕಳಲ್ಲಿ ಶೇಕಡಾ 14ರಷ್ಟು ತಗ್ಗಿತು. ಮ್ಯಾರಥಾನ್ ಓಟಗಾರರು, ಹಿಮದಲ್ಲಿ ಜಾರುವ ಕ್ರೀಡಾಪಟುಗಳು, ಕಡುಚಳಿಯಲ್ಲಿ ತರಬೇತಿ ಪಡೆಯುವ ಸೈನಿಕರು ಇಂಥವರಲ್ಲಿ ಮಾತ್ರ ನೆಗಡಿಯ ಅಪಾಯ ಅರ್ಧದಷ್ಟು ಇಳಿಯಿತು. ಗಂಟಲು ಕೆರೆಯಲು ಶುರುವಾದ ಮೇಲೆ ಮಾತ್ರೆ ನುಂಗಿದರೆ ಸ್ಥಿರವಾದ ಫಲ ಕಂಡಿಲ್ಲ. ಹಣ್ಣು ತರಕಾರಿ ತಿನ್ನುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ವಿಟಮಿನ್ ಡಿ ಕೊರತೆ ಇರುವವರಿಗೆ ಅದನ್ನು ಸರಿಪಡಿಸುವುದು ಮೂಳೆ, ಸ್ನಾಯುಗಳಿಗಂತೂ ಒಳ್ಳೆಯದು. ಉಸಿರಾಟದ ಸೋಂಕು ತಡೆಯುವ ವಿಷಯದಲ್ಲಿ 2017ರ ವಿಶ್ಲೇಷಣೆಯೊಂದು, ತೀವ್ರ ಕೊರತೆಯಿದ್ದು ದಿನವೂ ಅಥವಾ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಸೇವಿಸಿದವರಿಗೆ ರಕ್ಷಣೆ ಹೆಚ್ಚೆಂದು ತೋರಿಸಿತು. ಮುಂದೆ ಇನ್ನಷ್ಟು ಪ್ರಯೋಗಗಳು ಸೇರಿದಂತೆ ಈ ಪರಿಣಾಮ ಕುಗ್ಗುತ್ತ ಬಂದಿದೆ. ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಿ.

ಸತುವಿನಲ್ಲಿ ಮಾತ್ರ ಎಚ್ಚರ ಬೇಕು. ಚೀಪುವ ಮಾತ್ರೆಗಳು ನೆಗಡಿಯ ಅವಧಿಯನ್ನು ತುಸು ಕಡಿಮೆ ಮಾಡಬಹುದು, ಆದರೆ ಪುರಾವೆ ಗಟ್ಟಿಯಾಗಿಲ್ಲ, ಬಾಯಿರುಚಿ ಕೆಡುವುದು ಮತ್ತು ವಾಕರಿಕೆ ಸಾಮಾನ್ಯ. ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲ್ಮಿತಿ ಎಂದು ಅಮೆರಿಕದ ಮಾನದಂಡ ಹೇಳುತ್ತದೆ. ಅದನ್ನು ಮೀರಿ ತಿಂಗಳುಗಟ್ಟಲೆ ಸೇವಿಸಿದರೆ ತಾಮ್ರದ ಕೊರತೆಯಾಗಿ ರಕ್ತಹೀನತೆ, ನರಗಳ ತೊಂದರೆ ಬರಬಹುದು. ಮೂಗಿಗೆ ಹಚ್ಚುವ ಸತುವಿನ ಉತ್ಪನ್ನಗಳಿಂದ ವಾಸನೆಯ ಅರಿವೇ ಹೋದ ದೂರುಗಳು ಬಂದದ್ದರಿಂದ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅವುಗಳ ವಿರುದ್ಧ ಎಚ್ಚರಿಕೆ ನೀಡಿತ್ತು. ಮೂಗಿಗೆ ಸತುವನ್ನು ಎಂದಿಗೂ ಹಾಕಬೇಡಿ.

ಬೆಳ್ಳುಳ್ಳಿ ಅಡುಗೆಯಲ್ಲಿ ಇರಲಿ, ಅದರಿಂದ ನೆಗಡಿ ತಪ್ಪುತ್ತದೆ ಎನ್ನಲು ಸಾಕಷ್ಟು ಪ್ರಯೋಗಗಳಿಲ್ಲ. ನಿಮ್ಮ ತಾಯಿಯ ವಯಸ್ಸಿನಲ್ಲಿ ನಾನು ಮೊದಲು ವಿಚಾರಿಸುವುದು ಪ್ರೋಟೀನ್ ಬಗ್ಗೆ. ಹಸಿವು ತಗ್ಗಿ ಊಟ ಕಿರಿದಾದಂತೆ ಬೇಳೆ, ಹಾಲು, ಮೊಟ್ಟೆಗಳೇ ಮೊದಲು ಕೈಬಿಟ್ಟುಹೋಗುತ್ತವೆ, ಪ್ರತಿಕಾಯಗಳು ತಯಾರಾಗುವುದೋ ಅವುಗಳಿಂದ ಸಿಗುವ ಅಮೈನೋ ಆಮ್ಲಗಳಿಂದಲೇ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಒಂದು ಮುಖ್ಯ ಸಂಗತಿಯನ್ನು ಸೇರಿಸುತ್ತೇನೆ. ತಾಯಿಗೆ ರುಮಟಾಯ್ಡ್ ಸಂಧಿವಾತವಿದ್ದು, ಅದಕ್ಕಾಗಿ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಔಷಧ ತೆಗೆದುಕೊಳ್ಳುತ್ತಾರೆ. ಪರಿಚಯದವರೊಬ್ಬರು ಕೊಟ್ಟ ಗಿಡಮೂಲಿಕೆಯ ಪುಡಿಯನ್ನು ಅವರು ಈಚೆಗೆ ಆರಂಭಿಸಿದ್ದಾರೆ, ಡಬ್ಬಿಯ ಮೇಲೆ ಅದರಲ್ಲಿ ಏನೇನಿದೆ ಎಂಬ ವಿವರವಿಲ್ಲ. ಇದನ್ನು ಮುಂದುವರಿಸಬಹುದೇ? ಜ್ವರ ಬಂದಾಗ ತಕ್ಷಣ ಇಳಿಸಬೇಕೇ, ಹಬೆ ಮತ್ತು ಜೇನುತುಪ್ಪದಿಂದ ಉಪಯೋಗವಿದೆಯೇ ಎಂಬುದನ್ನೂ ತಿಳಿಸಿ.

ಉತ್ತರ 3

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುತ್ತೇನೆ. ದಯವಿಟ್ಟು ಆ ಪುಡಿಯನ್ನು ಇಂದೇ ನಿಲ್ಲಿಸಿ, ಡಬ್ಬಿಯನ್ನು ಮುಂದಿನ ಭೇಟಿಯಲ್ಲಿ ಅವರ ವೈದ್ಯರಿಗೆ ತೋರಿಸಿ. ರುಮಟಾಯ್ಡ್ ಸಂಧಿವಾತದಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬಿದ್ದಿರುತ್ತದೆ, ಅದನ್ನು ಹತೋಟಿಯಲ್ಲಿಡಲೆಂದೇ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಅದೇ ವ್ಯವಸ್ಥೆಯನ್ನು ಪ್ರಚೋದಿಸುವ ವಸ್ತು ಪುಡಿಯಲ್ಲಿದ್ದರೆ ಕಾಯಿಲೆ ಕೆರಳಬಹುದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಯಕೃತ್ತಿನ ಚಿಂತೆ. ಮೆಥೊಟ್ರೆಕ್ಸೇಟ್ ಯಕೃತ್ತಿಗೆ ಹೊರೆಯಾಗುವ ಔಷಧವಾದ್ದರಿಂದಲೇ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಘಟಕಗಳೇ ತಿಳಿಯದ ಪುಡಿ ಅದರ ಜೊತೆ ಸೇರಿದರೆ, ಹಾನಿಯಾದಾಗ ಯಾವುದರಿಂದ ಎಂದು ಹೇಳುವುದೂ ಕಷ್ಟವಾಗುತ್ತದೆ.

ಅವರಿಗೆ ಫ್ಲೂ ಲಸಿಕೆ ಪ್ರತಿವರ್ಷ ಆಗುತ್ತಿದೆಯೇ ಎಂದು ವಿಚಾರಿಸಿ. ಲಸಿಕೆಯನ್ನು ಸಹಜ ವಿಧಾನಗಳ ಹೊರಗಿಡುವವರಿದ್ದಾರೆ, ನಾನು ಹಾಗೆ ಎಣಿಸುವುದಿಲ್ಲ, ಏಕೆಂದರೆ ಅದು ಕೆಲಸ ಮಾಡುವುದು ರೋಗಾಣುವನ್ನು ನೆನಪಿಟ್ಟುಕೊಳ್ಳುವ ದೇಹದ ಸ್ವಂತ ಶಕ್ತಿಯ ಮೂಲಕವೇ. ಅವರು ತೆಗೆದುಕೊಳ್ಳುವ ಔಷಧದಿಂದಾಗಿ ಜೀವಂತ ವೈರಾಣುವಿರುವ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಕೊಡಿಸಬಾರದು, ನಿಷ್ಕ್ರಿಯ ವೈರಾಣುವಿನ ಚುಚ್ಚುಮದ್ದು ಕೊಡಬಹುದು. ಲಸಿಕೆಗೆ ಪ್ರತಿಕ್ರಿಯೆ ಚೆನ್ನಾಗಿ ಬರಲೆಂದು ಕೆಲವೊಮ್ಮೆ ಮೆಥೊಟ್ರೆಕ್ಸೇಟನ್ನು ಎರಡು ವಾರ ತಡೆಹಿಡಿಯಲು ವೈದ್ಯರೇ ಸೂಚಿಸುತ್ತಾರೆ. ಅದನ್ನು ತಾವಾಗಿಯೇ ನಿಲ್ಲಿಸಬಾರದು.

ತಮ್ಮ ಪಾಲಿಗೆ ಬಂದರೆ, ಶಾಲೆಯಿಂದ ಬಂದ ಕೂಡಲೇ ತಾಯಿಯ ಕೋಣೆಗೆ ಹೋಗುವ ಮೊದಲು ಸೋಪಿನಿಂದ ಇಪ್ಪತ್ತು ಸೆಕೆಂಡು ಕೈತೊಳೆಯಿರಿ. ಕೊರೋನಾ, ಇನ್‌ಫ್ಲುಯೆಂಜಾ ವೈರಾಣುಗಳಿಗೆ ಕೊಬ್ಬಿನ ಹೊರಕವಚವಿರುವುದರಿಂದ ಸೋಪು ಅದನ್ನು ಒಡೆದುಹಾಕುತ್ತದೆ. ಶಾಲೆಗಳಲ್ಲಿ ವಾಂತಿಭೇದಿ ಹರಡುವ ನೋರೋವೈರಸ್‌ಗೆ ಅಂಥ ಕವಚವಿಲ್ಲ, ಆದ್ದರಿಂದ ಆಲ್ಕೊಹಾಲ್ ದ್ರಾವಣಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ. ಅಲ್ಲಿ ನೀರು ಸೋಪೇ ಬೇಕು. ತಮಗೆ ನೆಗಡಿಯಿದ್ದಾಗ ಮನೆಯಲ್ಲಿಯೂ ಮಾಸ್ಕ್ ಧರಿಸಿ, ಕಿಟಕಿ ತೆರೆದಿಡಿ.

ಜ್ವರ ಒಂದು ರಕ್ಷಣಾ ಕ್ರಮ. ರೈನೋವೈರಸ್ ಚೆನ್ನಾಗಿ ವೃದ್ಧಿಯಾಗುವುದು ಮೂಗಿನ ತಂಪಿನಲ್ಲಿ, ಅಂದರೆ 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಮೈ ಬಿಸಿಯಾದರೆ ಅದಕ್ಕೆ ಅಷ್ಟು ಅನುಕೂಲವಿರುವುದಿಲ್ಲ. ಆರೋಗ್ಯವಂತರಾದ ತಮಗೆ ಸಣ್ಣ ಜ್ವರವಿದ್ದು ತೀರಾ ಸಂಕಟವಿಲ್ಲದಿದ್ದರೆ ಇಳಿಸಲೇಬೇಕೆಂಬ ಅವಸರ ಬೇಡ. ತಾಯಿಯ ವಿಷಯ ಬೇರೆ: ಆ ಔಷಧ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಉಸಿರಾಟದ ಕಷ್ಟ, ಎದೆನೋವು, ಗೊಂದಲದ ಮಾತು, ನೀಲಿಗಟ್ಟಿದ ತುಟಿ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಜೇನುತುಪ್ಪ ಕೆಮ್ಮಿಗೆ ಹಿತ ಕೊಡುತ್ತದೆ, ಆದರೆ ಒಂದು ವರ್ಷ ತುಂಬದ ಶಿಶುವಿಗೆ ಬಾಟುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ಗಂಭೀರ ಕಾಯಿಲೆ) ಅಪಾಯದಿಂದಾಗಿ ಕೊಡುವಂತಿಲ್ಲ. ಹಬೆ ವೈರಾಣುವನ್ನು ಕೊಲ್ಲುವುದಿಲ್ಲ. ಬಿಸಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡು ಬಂದವರಿಗೆ, ಅದರಲ್ಲೂ ಮಕ್ಕಳಿಗೆ, ನಾನೇ ಪಟ್ಟಿ ಕಟ್ಟಿದ್ದೇನೆ. ವಯಸ್ಸಾದವರ ಮುಂದೆ ಕುದಿಯುವ ನೀರಿಟ್ಟು ತಲೆಯ ಮೇಲೆ ಬಟ್ಟೆ ಹೊದಿಸಬೇಡಿ.

ಉತ್ತರ 4

ಬಾಯಿ ಮುಕ್ಕಳಿಸುವುದನ್ನು ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. 2005ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ 387 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ದಿನಕ್ಕೆ ಮೂರು ಬಾರಿಯಾದರೂ ಬರೀ ನೀರಿನಿಂದ ಗಂಟಲು ಮುಕ್ಕಳಿಸಿದವರಲ್ಲಿ ಶ್ವಾಸನಾಳದ ಮೇಲ್ಭಾಗದ ಸೋಂಕು ಗಮನಾರ್ಹವಾಗಿ ಕಡಿಮೆಯಾಯಿತು, ಅಯೋಡಿನ್ ದ್ರಾವಣ ಬಳಸಿದವರಲ್ಲಿ ಅಂಥ ಫಲ ಕಾಣಲಿಲ್ಲ. ಒಂದೇ ಪ್ರಯೋಗವನ್ನು ನಂಬಿ ದೊಡ್ಡ ಭರವಸೆ ಕೊಡಲಾರೆ, ಆದರೆ ಖರ್ಚೂ ಇಲ್ಲ, ಹಾನಿಯೂ ಇಲ್ಲ. ಇಡೀ ದಿನ ಮಾತನಾಡುವ ಶಿಕ್ಷಕರ ಗಂಟಲಿಗಂತೂ ತರಗತಿಗಳ ನಡುವಿನ ಬಿಡುವಿನಲ್ಲಿ ಒಮ್ಮೆ ಮಾಡಿಕೊಂಡರೆ ಆರಾಮವೆನಿಸುತ್ತದೆ.