ಮಶೀನಿಗೆ ಜಪಾನಿ ಬರಲ್ಲ, ಶ್ರುತಿ ಬರುತ್ತೆ

ಜಪಾನಿನಲ್ಲಿರೋ ನಮ್ಮ ಕನ್ನಡ ಗುಂಪಿನ ಎಲ್ರಿಗೂ ನಮಸ್ಕಾರ. ಇದನ್ನೆಲ್ಲ ಟೈಪ್ ಮಾಡ್ತಾ ಕೂತ್ರೆ ಅಡುಗೆ ಆಗಲ್ಲ, ಅದಕ್ಕೇ ಮಾತಾಡ್ಬಿಡ್ತೀನಿ. ಮಧ್ಯ ಕುಕ್ಕರ್ ಕೂಗಿದ್ರೆ ಸಹಿಸ್ಕೊಳ್ಳಿ.

ನೋಡಮ್ಮ, ನೀನು ಕೇಳಿದ್ದು ಇಷ್ಟು ತಾನೆ: ಮಗನ ಯೋಚಿಯೆನ್, ಅಂದ್ರೆ ಶಿಶುವಿಹಾರದ ಅಮ್ಮಂದಿರೆಲ್ಲ ಶುಕ್ರವಾರ ಕರೋಕೆಗೆ ಹೋಗ್ತಿದ್ದಾರೆ, ಪಾಯಿಂಟ್ ಹಾಕ್ಕೊಂಡು ಹಾಡ್ತಾರೆ, ಹೆಂಗಸರ ಗಂಟಲಿಗೆ ಸಲೀಸಾಗಿ ಬರೋ, ಅಂಕ ಚೆನ್ನಾಗಿ ಬೀಳೋ ಜಪಾನಿ ಹಾಡು ಯಾವ್ದು ಅಂತ. ಗುಂಪಲ್ಲಿ ಮೇಲೆ ಯಾರೋ ಯೋಆಸೋಬಿಯವರ ‘ಯೋರು ನಿ ಕಾಕೆರು’ ಹಾಡು, ಎಲ್ರಿಗೂ ಗೊತ್ತು ಅಂದ್ರು. ಅವರು ಬೇಜಾರು ಮಾಡ್ಕೋಬಾರ್ದು, ಆದ್ರೆ ಖಂಡಿತಾ ಬೇಡ. ಕೇಳೋಕೆ ಚೆಂದ. ಹಾಡೋಕೆ ಹೋದ್ರೆ ಒಂದೊಂದು ಉಸಿರಿಗೆ ಅಷ್ಟಷ್ಟು ಅಕ್ಷರ, ಕೊನೆ ಕಡೆ ಶ್ರುತಿನೂ ಬದಲಾಗುತ್ತೆ. ಇಲ್ಲೇ ಹುಟ್ಟಿ ಬೆಳೆದೋರೇ ಮುಗ್ಗರಿಸ್ತಾರೆ.

ಹಾಡು ಆರಿಸೋಕೆ ಮುಂಚೆ ಅಂಕ ಹಾಕೋ ಕರೋಕೆ ಮಶೀನ್ ಏನು ಕೇಳಿಸ್ಕೊಳ್ಳುತ್ತೆ ಅಂತ ತಿಳ್ಕೋ. ಇಲ್ಲಿ ಮುಖ್ಯವಾಗಿ ಎರಡೇ ಜಾತಿ. ದಾಯ್‌ಇಚಿಕೋಶೋ ಕಂಪನಿಯ ಡ್ಯಾಮ್ ಒಂದು, ಜಾಯ್‌ಸೌಂಡ್ ಇನ್ನೊಂದು. ಡ್ಯಾಮ್‌ನಲ್ಲಿ ಅಂಕ ಹಾಕೋದಕ್ಕೆ ‘ಸೇಮಿತ್ಸು ಸೈತೆನ್’ ಅಂತಾರೆ. ದೆನ್‌ಮೋಕು ಅಂತ ಟ್ಯಾಬ್ಲೆಟ್ ಥರದ್ದು ಇಟ್ಟಿರ್ತಾರಲ್ಲ, ಅದರಲ್ಲಿ ಆನ್ ಮಾಡ್ಬೇಕು. ಆಮೇಲೆ ಪರದೆ ಮೇಲೆ ಸಣ್ಣ ಸಣ್ಣ ಅಡ್ಡ ಪಟ್ಟಿಗಳು ಬರುತ್ವೆ. ಒಂದೊಂದು ಪಟ್ಟಿ ಒಂದೊಂದು ಸ್ವರ. ನಿನ್ನ ದನಿ ಆ ಪಟ್ಟಿ ಮೇಲೆ ಕೂತ್ರೆ ಬಣ್ಣ ತುಂಬುತ್ತೆ. ಅಂಕದಲ್ಲಿ ದೊಡ್ಡ ಪಾಲು ಇದಕ್ಕೇ. ಮಿಕ್ಕಿದ್ದು ತಾಳ, ದನಿ ನಡುಗದೆ ನಿಲ್ಲೋದು, ಎಳೆದು ಹಿಡಿಯೋದು, ವೈಬ್ರಾಟೋ ಅಂದ್ರೆ ದನಿಯನ್ನ ಬೇಕಂತಲೇ ಹದವಾಗಿ ಅಲೆಸೋದು, ಭಾವ, ಇವೆಲ್ಲ ಸೇರಿ.

ಇದರಲ್ಲಿ ನಮಗೆ ಖುಷಿ ಕೊಡೋ ವಿಷಯ ಏನಪ್ಪ ಅಂದ್ರೆ, ಸಾಹಿತ್ಯಕ್ಕೆ ಅಂಕ ಇಲ್ಲ. ಉಚ್ಚಾರ ತಪ್ಪಿದ್ರೂ, ಒಂದು ಸಾಲು ಪೂರ್ತಿ ಲಾ ಲಾ ಅಂದ್ರೂ, ಸ್ವರ ಸರಿ ಇದ್ರೆ ಮಶೀನಿಗೆ ಸಾಕು. ನಮ್ಮ ಜಪಾನಿ ಅಷ್ಟಕ್ಕಷ್ಟೇ ಅನ್ನೋ ಭಯ ಬಿಟ್ಬಿಡು.

ನಮ್ಮೋರಿಗೆ ಹೊಡೆತ ಬೀಳೋದು ಬೇರೆ ಕಡೆ. ಊರಲ್ಲಿ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆ ಪಾಸ್ ಮಾಡಿದೋರು ಇದಾರಲ್ಲ, ನೀನೂ ಅದೇ ಗುಂಪು, ಅವರಿಗೇ ಇಲ್ಲಿ ಅಂಕ ಕಡಿಮೆ ಬೀಳೋದು. ಯಾಕಂದ್ರೆ ಗಾಂಧಾರ ಅಂದ್ರೆ ಸಾಕು, ನಮ್ಮ ಗಂಟಲು ತಾನಾಗೇ ತೂಗುತ್ತೆ. ನಾವು ಗಮಕ ಅಂತೀವಿ, ಮಶೀನು ಪಟ್ಟಿ ಬಿಟ್ಟು ಜಾರಿದ್ಲು ಅನ್ನುತ್ತೆ. ಕೆಳಗಿಂದ ಎತ್ಕೊಂಡು ಸ್ವರಕ್ಕೆ ಸೇರೋದಕ್ಕೆ ಶಕುರಿ, ದನಿ ಮುರಿಯೋದಕ್ಕೆ ಕೊಬುಶಿ ಅಂತ ಅವರಲ್ಲೂ ಇದೆ, ಅದನ್ನ ಲೆಕ್ಕನೂ ಹಾಕುತ್ತೆ. ಆದ್ರೆ ಅದು ಅಲ್ಲಲ್ಲಿ ಚಿಟಿಕೆಯಷ್ಟು. ಸಾಲು ಸಾಲಿಗೂ ತೂಗಿದ್ರೆ ಪಟ್ಟಿಗಳೆಲ್ಲ ಖಾಲಿ ಉಳಿಯುತ್ತೆ. ಮೊದಲ ದಿನದ ಸರಳೆ ವರಸೆ ನೆನಪು ಮಾಡ್ಕೋ, ಹಾಗೆ ನೆಟ್ಟಗೆ ಹಾಡು. ಕಲಿತದ್ದು ಮರೀಬೇಕಾಗಿಲ್ಲ, ನಾಲ್ಕು ನಿಮಿಷ ಪಕ್ಕಕ್ಕಿಡು ಅಷ್ಟೇ. ಗಮಕ ಬೇಕಾದ್ರೆ ನಮ್ಮ ಯುಗಾದಿ ಕಾರ್ಯಕ್ರಮದಲ್ಲಿ ಹಾಕು, ಎಲ್ರೂ ಚಪ್ಪಾಳೆ ತಟ್ತೀವಿ.

ಸಂಗೀತ ಕಲ್ತಿದ್ದು ಉಪಯೋಗಕ್ಕೆ ಬರೋದು ಹಾಡು ಆರಿಸೋವಾಗ. ಜಪಾನಿನ ಹಳೇ ಹಾಡುಗಳಲ್ಲಿ ಎಷ್ಟೋ ಹಾಡು ಮಧ್ಯಮ, ನಿಷಾದ ಎರಡೂ ಬಿಟ್ಟಿರುತ್ವೆ. ಸ ರಿ ಗ ಪ ದ. ಹೌದು, ನಮ್ಮ ಮೋಹನ! ಸಕಾಮೊಟೊ ಕ್ಯೂ 1961ರಲ್ಲಿ ಹಾಡಿದ ‘ಉಎ ಒ ಮುಯ್‌ತೆ ಅರುಕೋ’ ಬಹುಪಾಲು ಮೋಹನದಲ್ಲೇ ಓಡಾಡುತ್ತೆ. 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋದ ಹಾಡು. ನಡಿಗೆಯ ಗತಿ, ಎರಡು ಸಲ ಕೇಳಿದ್ರೆ ಬಾಯಿಗೆ ಬರುತ್ತೆ. ಗಂಡಸರ ಶ್ರುತಿ, ಮಶೀನಲ್ಲಿ ಕೀ, ಅಂದ್ರೆ ಶ್ರುತಿ, ಬದಲಾಯಿಸ್ಕೋ. ಇನ್ನೂ ಸುಲಭ ಬೇಕಂದ್ರೆ ‘ಫುರುಸಾತೊ’. 1914ರ ಶಾಲಾ ಹಾಡು, ಮೂರು ಎಣಿಕೆ, ಸ್ವರಗಳು ಪಕ್ಕಪಕ್ಕದಲ್ಲೇ ಇರುತ್ವೆ. ಅಂಕಕ್ಕೆ ಚಿನ್ನ. ಆದ್ರೆ ಅಮ್ಮಂದಿರ ಪಾರ್ಟಿಯಲ್ಲಿ ಅದನ್ನ ಹಾಡಿದ್ರೆ ಶಾಲೆ ಪ್ರಾರ್ಥನೆ ಥರ ಆಗುತ್ತೆ, ಅದು ನಿನಗೆ ಬಿಟ್ಟಿದ್ದು.

ನಿನ್ನ ಜಾಗದಲ್ಲಿ ನಾನಿದ್ರೆ ಕಿರೊರೊ ಅವರ ‘ಮಿರಾಯ್ ಎ’ ತಗೊಳ್ತೀನಿ. ಒಕಿನಾವಾದ ಇಬ್ಬರು ಹುಡುಗಿಯರ ಜೋಡಿ, 1998ರ ಹಾಡು, ಅಮ್ಮನ ಬಗ್ಗೆ. ನಿಧಾನ, ಒಂದೇ ಧಾಟಿ ತಿರುಗಿ ತಿರುಗಿ ಬರುತ್ತೆ, ಸಾಲಿನ ಕೊನೆಗಳಲ್ಲಿ ಎಳೆದು ನಿಲ್ಲೋಕೆ ಜಾಗ ಇದೆ. ಅಲ್ಲಿ ಅಲುಗಾಡದೆ ನಿಂತ್ರೆ ಅಂಕ ತಾನಾಗೇ ಬರುತ್ತೆ. ಜೊತೆಗೆ ಕೂತಿರೋ ಅಮ್ಮಂದಿರ ಕಣ್ಣೂ ಒದ್ದೆ ಆಗುತ್ತೆ, ಅದು ಬೋನಸ್. ನತ್ಸುಕಾವಾ ರಿಮಿ ಹಾಡಿದ ‘ನಾದಾ ಸೋಸೋ’ ಕೂಡ ಒಳ್ಳೇದೇ, ಶುರು ಶಾಂತ, ಆದ್ರೆ ಸಾಬಿ ಬಂದಾಗ, ಅಂದ್ರೆ ಪಲ್ಲವಿ ಏರೋ ಕಡೆ, ಮೇಲಕ್ಕೆ ಜಿಗಿಯುತ್ತೆ. ಹಿತೊತೊ ಯೋ ಅವರ 2004ರ ‘ಹನಾಮಿಝುಕಿ’ನೂ ಹಾಗೇ. ಎರಡಕ್ಕೂ ಕೀ ಎರಡು ಮೂರು ಇಳಿಸಿದ್ರೆ ಆರಾಮ.

ದನಿ ತಗ್ಗಿರೋರು, ನನ್ನ ಹಾಗೆ, ಟೆರೆಸಾ ಟೆಂಗ್ ಹಾಡಿದ 1986ರ ‘ತೋಕಿ ನೊ ನಗಾರೆ ನಿ ಮಿ ಒ ಮಕಾಸೆ’ ನೋಡಿ. ಆಕೆ ತೈವಾನಿನೋಳು, ಜಪಾನಿ ಆಕೆಗೂ ಹೊರಗಿನ ಭಾಷೆನೇ. ಈಗಿನ ಕಾಲದ್ದೇ ಬೇಕು ಅನ್ನೋ ಚಿಕ್ಕ ವಯಸ್ಸಿನ ಅಮ್ಮಂದಿರಿಗೆ ಐಮ್ಯೋನ್ ಅವರ ‘ಮ್ಯಾರಿಗೋಲ್ಡ್’, 2018ರದ್ದು. ಚೀರಾಟ ಇಲ್ಲ. ಗುಂಪಲ್ಲಿ ಹಾಡೋಕೆ ಎಕೆಬಿ48 ಅನ್ನೋ ಹುಡುಗಿಯರ ತಂಡದ ‘ಕೊಯ್ ಸುರು ಫಾರ್ಚೂನ್ ಕುಕಿ’. ಉತಾದಾ ಹಿಕಾರು ಅವರ ‘ಫಸ್ಟ್ ಲವ್’ ಕಡೆ ಮಾತ್ರ ಹೋಗ್ಬೇಡಿ, ಅಂಕದ ದಿನ ಅಲ್ಲ. ಗಟ್ಟಿ ದನಿಯಿಂದ ಕಳ್ಳ ದನಿಗೆ ದಾಟೋ ಕಡೆ ಎಲ್ಲಾ ಪಟ್ಟಿನೂ ಹೋಗುತ್ತೆ.

ಹಾಂ, ಕೀ ವಿಷಯ. ಮೂಲ ಶ್ರುತಿಯಲ್ಲೇ ಹಾಡ್ಬೇಕು ಅನ್ನೋದು ಒಣ ಪ್ರತಿಷ್ಠೆ ಕಣೆ. ಕೀ ಇಳಿಸಿದ್ರೆ ಅಂಕ ಕಟ್ ಆಗಲ್ಲ. ಮನೇಲಿ ಯೂಟ್ಯೂಬ್ ಹಾಕ್ಕೊಂಡು ಹಾಡಿನ ಅತೀ ಮೇಲಿನ ಸ್ವರ ಯಾವ್ದು ನೋಡು. ಮಾತಾಡೋ ದನಿಗಿಂತ ಸ್ವಲ್ಪ ಗಟ್ಟಿಯಾಗಿ ಅದು ಬಂದ್ರೆ ಸರಿ, ಕತ್ತಿನ ನರ ಉಬ್ಬಿದ್ರೆ ಒಂದೊಂದೇ ಇಳಿಸು. ತೀರಾ ಇಳಿಸಿದ್ರೆ ಶುರುವಿನ ಸಾಲುಗಳು ಗೊಣಗಾಟ ಆಗುತ್ತೆ, ಅದನ್ನೂ ನೋಡ್ಕೋ. ಹಾಡಿನ ಹೆಸರಿನ ಪಕ್ಕ ಮೈನಸ್ ಎಷ್ಟು ಅಂತ ಬರ್ಕೊಂಡು ಹೋಗು, ಅಲ್ಲಿ ಹುಡುಕ್ತಾ ಕೂರ್ಬೇಡ.

ಸಾಹಿತ್ಯ ಕನ್ನಡದಲ್ಲೇ ಬರ್ಕೋ. ರೋಮನ್ ಬೇಡ. ಹ್ರಸ್ವ ದೀರ್ಘ ನಮ್ಮ ಲಿಪಿಯಲ್ಲಿ ಕಣ್ಣಿಗೆ ಕಾಣುತ್ತೆ, ಎಲ್ಲಿ ಎಳೀಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಹಳೇ ಹಾಡುಗಳಲ್ಲಿ ಎಷ್ಟೋ ಕಡೆ ಒಂದು ಅರ್ಧ ‘ನ್’ಗೂ ಬೇರೆ ಸ್ವರ ಕೊಟ್ಟಿರ್ತಾರೆ. ನಾವು ಅದನ್ನ ನುಂಗಿ ಮುಂದೆ ಹೋಗ್ತೀವಿ, ತಾಳ ತಪ್ಪುತ್ತೆ.

ಇನ್ನು ಯೊಕುಯೋ ಅಂತ ಒಂದಿದೆ, ದನಿಯ ಏರಿಳಿತ. ಮಶೀನಿಗೆ ನಿನ್ನ ಭಾವ ಎಲ್ಲಿ ಗೊತ್ತಾಗುತ್ತೆ, ಅದು ಸದ್ದು ಎಷ್ಟು ಹೆಚ್ಚು ಕಡಿಮೆ ಆಯ್ತು ಅಂತ ಅಳೆಯುತ್ತೆ. ಹಾಗಾಗಿ ಶುರುವಿನಲ್ಲಿ ಮೈಕು ಸ್ವಲ್ಪ ದೂರ, ಸಾಬಿ ಬಂದಾಗ ಹತ್ತಿರ. ಮೋಸ ಅಂತೀಯಾ? ಇಲ್ಲಿ ಎಲ್ರೂ ಮಾಡ್ತಾರೆ. ಮ್ಯೂಸಿಕ್ ಸದ್ದು ಒಂಚೂರು ಕಡಿಮೆ ಇಟ್ಕೋ, ಗೈಡ್ ಮೆಲೋಡಿ, ಅಂದ್ರೆ ಮಶೀನೇ ನುಡಿಸೋ ಹಾಡಿನ ಧಾಟಿ, ಜಾಸ್ತಿ ಮಾಡ್ಕೋ, ಸ್ವರ ಕಿವಿಗೆ ಬೀಳುತ್ತೆ. ಎಕೋ ಜಾಸ್ತಿ ಇದ್ರೆ ಚೆನ್ನಾಗಿ ಹಾಡ್ತಿದೀನಿ ಅಂತ ನಮಗೇ ಭ್ರಮೆ ಬರುತ್ತೆ, ಇಳಿಸು. ಹಾಡು ಮುಗಿದ ಮೇಲೆ ನಿನ್ನ ಅಂಕದ ಜೊತೆ ಆ ಹಾಡಿನ ಜಪಾನ್ ಸರಾಸರಿನೂ ತೋರಿಸುತ್ತೆ, ಅದನ್ನ ಫೋಟೋ ತೆಕ್ಕೋ. ಸರಾಸರಿ ಮೇಲಿರೋ ಹಾಡುಗಳನ್ನೇ ಮುಂದಿನ ಸಲಕ್ಕೆ ಇಟ್ಕೋಬಹುದು.

ಒಂದು ಸೂಕ್ಷ್ಮ. ಸೈತೆನ್ ಆನ್ ಮಾಡೋ ಮುಂಚೆ ಎಲ್ರನ್ನೂ ಕೇಳು. ಪಂದ್ಯ ಅಂದಿದ್ರೂ ಒಬ್ಬಿಬ್ಬರಿಗೆ ಅಂಕ ಕಂಡ್ರೆ ಮುಜುಗರ, ಬಾಯಿಬಿಟ್ಟು ಹೇಳಲ್ಲ. ಅಂಥೋರ ಸರದಿ ಬಂದಾಗ ಆಫ್ ಮಾಡಿಬಿಡು.

ಬುಧವಾರ ಮಧ್ಯಾಹ್ನ ನಾನು ಖಾಲಿ. ಟೋಕಿಯೋದ ನಿಶಿಕಸಾಯ್ ಸ್ಟೇಷನ್ ಹತ್ರ ಬಂದ್ಬಿಡು, ವಾರದ ಮಧ್ಯ ಹಗಲು ಹೊತ್ತು ರೂಮ್ ಅಗ್ಗ. ‘ಮಿರಾಯ್ ಎ’ಗೆ ನಿನ್ನ ಕೀ ಯಾವ್ದು ಅಂತ ಅಲ್ಲೇ ನೋಡ್ಬಿಡೋಣ. ಅಯ್ಯೋ, ಕುಕ್ಕರ್ ಕೂಗ್ತಿದೆ, ಇಡ್ತೀನಿ.