ಲ್ಯಾಪ್‌ಟಾಪ್ ಕೀಬೋರ್ಡಿಗೆ ಸಿಲಿಕೋನ್ ಕವರ್ ಹಾಕಬೇಕೇ, ಬೇಡವೇ?

ಪ್ರಶ್ನೆ: ಸಿಂಧನೂರಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹದಿನಾಲ್ಕು ಇಂಚಿನ ಒಂದು ಲ್ಯಾಪ್‌ಟಾಪ್ ಕೊಂಡಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಪ್ರಶ್ನೆಪತ್ರಿಕೆ, ಪಾಠಯೋಜನೆ, ಅಂಕಪಟ್ಟಿ ಎಲ್ಲವನ್ನೂ ಮನೆಯಲ್ಲಿಯೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದರಿಂದ ದಿನಕ್ಕೆ ಎರಡು ಮೂರು ಗಂಟೆಯಾದರೂ ಕೀಬೋರ್ಡಿನ ಮೇಲೆ ಕೈ ಇರುತ್ತದೆ.

ನಮ್ಮ ಮನೆ ಊರ ಹೊರಗೆ, ರೈಸ್ ಮಿಲ್‌ಗಳಿಗೆ ಹತ್ತಿರದಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ಇದಾದ್ದರಿಂದ ಸುಗ್ಗಿ ಮುಗಿದ ಮೇಲೆ ಮಿಲ್‌ಗಳು ತಿಂಗಳುಗಟ್ಟಲೆ ಓಡುತ್ತಿರುತ್ತವೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಯ ಹೊತ್ತಿಗೆ ಹೊಟ್ಟಿನ ನುಣ್ಣನೆಯ ಪುಡಿ ಕುಳಿತಿರುತ್ತದೆ. ಹಿಂದಿನ ಲ್ಯಾಪ್‌ಟಾಪ್ ನಾಲ್ಕನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಅದರ ಐದು ಕೀಲಿಗಳು ಕೆಲಸ ಮಾಡುವುದನ್ನು ನಿಲ್ಲಿಸಿದವು. ಅದಕ್ಕೆ ಧೂಳೇ ಕಾರಣವೆಂದು ನಾನು ತಿಳಿದಿದ್ದೇನೆ.

ಲ್ಯಾಪ್‌ಟಾಪ್ ಕೊಂಡ ಅಂಗಡಿಯವರು ಇನ್ನೂರೈವತ್ತು ರೂಪಾಯಿಯ ಸಿಲಿಕೋನ್ ಕವರ್ ತೋರಿಸಿ, ಇದನ್ನು ಹಾಕದೆ ಬಳಸಲೇಬೇಡಿ ಎಂದರು. ಬೆಂಗಳೂರಿನಲ್ಲಿರುವ ನನ್ನ ತಮ್ಮ, ಅದನ್ನು ಹಾಕಿದರೆ ಪರದೆಯೇ ಹಾಳಾಗುತ್ತದೆ ಎನ್ನುತ್ತಾನೆ. ಬೇಸಿಗೆಯಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿರುವುದರಿಂದ, ಮೇಲೊಂದು ಹೊದಿಕೆ ಹಾಕಿದರೆ ಯಂತ್ರ ಇನ್ನಷ್ಟು ಕಾಯುವುದೇ ಎಂಬ ಅನುಮಾನವೂ ನನಗಿದೆ. ಇದರ ಬಗ್ಗೆ ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಹುಬ್ಬಳ್ಳಿಯ ದುರಸ್ತಿಗಾರ

ಮೇಡಂ, ನಾನು ಹದಿನಾರು ವರ್ಷಗಳಿಂದ ಲ್ಯಾಪ್‌ಟಾಪ್ ದುರಸ್ತಿಯನ್ನೇ ಮಾಡುತ್ತಿದ್ದೇನೆ. ನಿಮ್ಮ ಅಂಜಿಕೆಗೆ ಕಾರಣವಿದೆ ಎಂಬುದನ್ನು ಮೊದಲೇ ಹೇಳುತ್ತೇನೆ. ಹಿಂದಿನ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಮೂರು ಸ್ಕ್ರೂ ತೆಗೆದು, ಮೇಲಿನ ಕೊಕ್ಕೆಗಳನ್ನು ಸಡಿಲಿಸಿದರೆ ಕೀಬೋರ್ಡು ಬೇರೆಯಾಗಿ ಕೈಗೆ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಹೊಸದನ್ನು ಕೂರಿಸಿಕೊಡುತ್ತಿದ್ದೆವು. ಈಗಿನ ತೆಳುವಾದ ಯಂತ್ರಗಳಲ್ಲಿ ಹೆಚ್ಚಿನವುಗಳ ಕೀಬೋರ್ಡನ್ನು ಮೇಲಿನ ಪ್ಯಾನೆಲ್ಲಿಗೆ ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಅಂಟಿಸಿರುತ್ತಾರೆ. ಅದನ್ನು ಬದಲಿಸಬೇಕಾದರೆ ಬ್ಯಾಟರಿ, ಫ್ಯಾನು, ಮದರ್‌ಬೋರ್ಡುಗಳನ್ನೆಲ್ಲ ಹೊರಗೆ ತೆಗೆಯಬೇಕು. ಎಷ್ಟೋ ಸಲ ಇಡೀ ಮೇಲಿನ ಪ್ಯಾನೆಲ್ಲನ್ನೇ ತರಿಸಬೇಕಾಗುತ್ತದೆ. ಆದುದರಿಂದ ಕೀಬೋರ್ಡನ್ನು ಜೋಪಾನ ಮಾಡಬೇಕೆಂಬ ನಿಮ್ಮ ಯೋಚನೆ ಸರಿಯಾದದ್ದೇ. ಜೋಪಾನಕ್ಕೆ ಕವರೇ ದಾರಿಯೇ ಎಂಬುದನ್ನು ಮಾತ್ರ ವಿಚಾರಿಸಬೇಕು.

ಧೂಳು ಲ್ಯಾಪ್‌ಟಾಪಿನೊಳಗೆ ಎರಡು ದಾರಿಗಳಿಂದ ಹೋಗುತ್ತದೆ. ದೊಡ್ಡ ದಾರಿ ತಳಭಾಗದ ಜಾಲಂಧ್ರ. ಅಲ್ಲಿಂದ ಫ್ಯಾನು ದಿನವಿಡೀ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಿಲ್ಲಿನ ಹೊಟ್ಟಿನ ಪುಡಿಯೂ ಆ ಗಾಳಿಯೊಂದಿಗೆ ಒಳಗೆ ಬಂದು, ಶಾಖವನ್ನು ಹೊರಹಾಕುವ ರೆಕ್ಕೆಗಳ ಮೇಲೆ ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ. ಕೀಬೋರ್ಡಿನ ಮೇಲೆ ಯಾವ ಕವರ್ ಹಾಕಿದರೂ ಈ ಧೂಳಿಗೆ ತಡೆಯಾಗುವುದಿಲ್ಲ. ಎರಡನೆಯದು ಕೀಲಿಗಳ ಸಂದಿ. ಪ್ರತಿಯೊಂದು ಕೀಲಿಯ ಅಡಿಯಲ್ಲಿ ಕತ್ತರಿಯಂತೆ ಒಂದರೊಳಗೊಂದು ಸೇರಿದ ಎರಡು ಪ್ಲಾಸ್ಟಿಕ್ ಕಾಲುಗಳೂ ನಡುವೆ ಒಂದು ರಬ್ಬರ್ ಗುಬ್ಬಿಯೂ ಇರುತ್ತವೆ. ಅವುಗಳ ಕೆಳಗೆ ವಿದ್ಯುತ್ ಗೆರೆಗಳನ್ನು ಮುದ್ರಿಸಿದ ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಒಣ ಧೂಳು ಆ ಹಾಳೆಗಳ ನಡುವೆ ಹೋಗುವುದು ಅಪರೂಪ. ದಪ್ಪನೆಯ ಮರಳು ಅಥವಾ ತಿಂಡಿಯ ಚೂರು ಬಿದ್ದರೆ ಕತ್ತರಿಕಾಲು ಸಿಕ್ಕಿಹಾಕಿಕೊಂಡು ಕೀಲಿ ಗಟ್ಟಿಯಾಗಬಹುದು, ಅಷ್ಟೇ. ನೀರು, ಚಹಾ, ಹಾಲುಗಳು ಹಾಗಲ್ಲ. ಅವು ಹಾಳೆಗಳ ನಡುವೆ ಇಳಿದು ಗೆರೆಗಳನ್ನು ನಿಧಾನವಾಗಿ ತಿಂದುಹಾಕುತ್ತವೆ.

ಧೂಳಿನಿಂದಲೇ ಕೀಲಿಗಳು ನಿಲ್ಲುವ ಕಾಲವೂ ಒಂದಿತ್ತು. ಆಪಲ್ ಕಂಪನಿ 2015ರಲ್ಲಿ ಹೊರತಂದ ಹನ್ನೆರಡು ಇಂಚಿನ ಮ್ಯಾಕ್‌ಬುಕ್‌ನಲ್ಲಿ ಬಟರ್‌ಫ್ಲೈ ಎಂಬ ಬಹಳ ತೆಳುವಾದ ಕೀಬೋರ್ಡನ್ನು ಅಳವಡಿಸಿತು. ಸಣ್ಣ ಕಣ ಸಿಕ್ಕಿದರೂ ಅದರ ಕೀಲಿಗಳು ಕೈಕೊಡುತ್ತವೆಂಬ ದೂರುಗಳು ಹೆಚ್ಚಿದ ಮೇಲೆ 2018ರಲ್ಲಿ ಕಂಪನಿ ಉಚಿತ ದುರಸ್ತಿಯ ಯೋಜನೆಯನ್ನು ಪ್ರಕಟಿಸಿತು; ಅದೇ ವರ್ಷದ ಹೊಸ ಮಾದರಿಗಳಲ್ಲಿ ಕೀಲಿಗಳ ಅಡಿಯಲ್ಲಿಯೇ ತೆಳುವಾದ ಸಿಲಿಕೋನ್ ಪೊರೆಯನ್ನು ಸೇರಿಸಿತು. ಅದರಿಂದಲೂ ತೊಂದರೆ ಪೂರ್ತಿ ತೀರದೆ, 2019ರ ನವೆಂಬರಿನಲ್ಲಿ ಬಂದ ಹದಿನಾರು ಇಂಚಿನ ಮಾದರಿಯಿಂದ ಮತ್ತೆ ಕತ್ತರಿಕಾಲಿನ ವಿನ್ಯಾಸಕ್ಕೇ ಮರಳಿತು. ಕೀಬೋರ್ಡಿಗೆ ಧೂಳಿನ ಭಯ ಇಷ್ಟೊಂದು ಹರಡಲು ಆ ಪ್ರಸಂಗವೂ ಒಂದು ಕಾರಣವೆಂದು ನನ್ನ ಎಣಿಕೆ. ನಿಮ್ಮ ಯಂತ್ರದಲ್ಲಿರುವುದು ಸಾಮಾನ್ಯ ಕತ್ತರಿಕಾಲಿನ ಕೀಬೋರ್ಡಾಗಿದ್ದರೆ, ಅದರ ಕೀಲಿ ಒಂದರಿಂದ ಒಂದೂವರೆ ಮಿಲಿಮೀಟರಿನಷ್ಟು ಕೆಳಗಿಳಿಯುತ್ತದೆ. ಅಷ್ಟು ಜಾಗವಿರುವಲ್ಲಿ ನುಣ್ಣನೆಯ ಧೂಳಿನಿಂದ ಆಗುವ ಹಾನಿ ಕಡಿಮೆ.

ಪರದೆಯ ವಿಷಯದಲ್ಲಿ ನಿಮ್ಮ ತಮ್ಮನವರು ಹೇಳಿದ್ದು ಸರಿ. ಮುಚ್ಚಿದಾಗ ಪರದೆಗೂ ಕೀಲಿಗಳಿಗೂ ನಡುವೆ ಉಳಿಯುವ ಅಂತರ ಬಹಳ ಕಡಿಮೆ. ಕ್ಯಾಮೆರಾ ಮುಚ್ಚುವ ಪಟ್ಟಿ ಹಚ್ಚಲೇಬೇಕಾದರೆ ಅದು ಪ್ರಿಂಟರ್ ಹಾಳೆಗಿಂತ, ಅಂದರೆ 0.1 ಮಿಲಿಮೀಟರಿಗಿಂತ, ದಪ್ಪವಿರಬಾರದೆಂದು ಆಪಲ್ ತನ್ನ ಬಳಕೆದಾರರಿಗೆ ತಿಳಿಸಿದೆ. ಸಿಲಿಕೋನ್ ಕವರ್‌ಗಳು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಕವರ್ ಹಾಕಿದಂತೆಯೇ ಮುಚ್ಚಿ, ಚೀಲದಲ್ಲಿ ಪುಸ್ತಕಗಳ ಜೊತೆ ತುರುಕಿ, ಬಸ್ಸಿನಲ್ಲಿ ಒತ್ತಿಸಿಕೊಂಡು ತಂದ ಲ್ಯಾಪ್‌ಟಾಪ್‌ಗಳ ಪರದೆಯಲ್ಲಿ ಬಿಳಿ ಚುಕ್ಕೆಗಳು ಮೂಡಿರುವುದನ್ನೂ ಗಾಜು ಸೀಳಿರುವುದನ್ನೂ ನಾನು ನನ್ನ ಮೇಜಿನ ಮೇಲೆ ಕಂಡಿದ್ದೇನೆ. ಆದ್ದರಿಂದ ಕವರ್ ಹಾಕಿದರೂ ಮುಚ್ಚುವ ಮೊದಲು ಅದನ್ನು ತೆಗೆಯಲೇಬೇಕು.

ಕಾವಿನ ವಿಷಯ ಯಂತ್ರದಿಂದ ಯಂತ್ರಕ್ಕೆ ಬೇರೆ. ಬಿಸಿಗಾಳಿಯನ್ನು ಹಿಂದಿನಿಂದಲೋ ಪಕ್ಕದಿಂದಲೋ ಹೊರಬಿಡುವ ಯಂತ್ರಕ್ಕೆ ಕವರ್‌ನಿಂದ ಹೆಚ್ಚು ವ್ಯತ್ಯಾಸವಾಗದು. ಫ್ಯಾನೇ ಇಲ್ಲದವು, ಕೀಲಿಗಳ ಸಂದಿಯಿಂದಲೂ ಗಾಳಿ ಎಳೆದುಕೊಳ್ಳುವವು ಕೆಲವಿವೆ. ಅವುಗಳಿಗೆ ಹೊದಿಕೆ ಬೇಡ.

ನೀವೂ ಒಂದು ವಿಷಯವನ್ನು ನೆನಪಿಸಿಕೊಂಡು ತಿಳಿಸಬೇಕು. ಹಳೆಯ ಯಂತ್ರದಲ್ಲಿ ನಿಂತುಹೋದ ಆ ಐದು ಕೀಲಿಗಳು ಯಾವುವು? ಅವು ಒಂದೊಂದಾಗಿ ನಿಂತವೇ, ಒಟ್ಟಿಗೇ ನಿಂತವೇ? ಒಂದೊಂದು ಕೀಲಿಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಅಡ್ಡಸಾಲು, ಉದ್ದಸಾಲುಗಳಾಗಿ ಹೆಣೆದ ಗೆರೆಗಳು ಕೂಡುವ ಒಂದೊಂದು ಜಾಗದಲ್ಲಿ ಒಂದೊಂದು ಕೀಲಿ ಇರುತ್ತದೆ. ಒಂದಕ್ಕೊಂದು ಪಕ್ಕದಲ್ಲಿಲ್ಲದ ನಾಲ್ಕೈದು ಕೀಲಿಗಳು ಒಂದೇ ದಿನ ನಿಂತಿದ್ದರೆ ಒಂದು ಗೆರೆ ತುಂಡಾಗಿದೆ ಎಂದೇ ತಿಳಿಯಬೇಕು, ಮತ್ತು ಗೆರೆ ತುಂಡಾಗುವುದು ಹೆಚ್ಚಾಗಿ ತೇವದಿಂದ.

ಉತ್ತರ 2: ಗದಗಿನ ಡಿಟಿಪಿ ಕೆಲಸಗಾರ

ಮೇಲಿನವರು ಯಂತ್ರದ ಕಡೆಯಿಂದ ಹೇಳಿದ್ದಾರೆ. ನಾನು ಬೆರಳಿನ ಕಡೆಯಿಂದ ಹೇಳುತ್ತೇನೆ. ನಮ್ಮ ಊರಿನ ಮುದ್ರಣಾಲಯವೊಂದರಲ್ಲಿ ದಿನವಿಡೀ ಕನ್ನಡ ಟೈಪ್ ಮಾಡುವುದೇ ನನ್ನ ವೃತ್ತಿ. ಕೀಬೋರ್ಡಿನ ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದು ಸಣ್ಣ ಉಬ್ಬುಗೆರೆ ಇರುವುದನ್ನು ಎಲ್ಲರೂ ನೋಡಿರುತ್ತಾರೆ. ಕೀಬೋರ್ಡನ್ನು ನೋಡದೆ ಟೈಪ್ ಮಾಡುವವನ ತೋರುಬೆರಳುಗಳು ತಮ್ಮ ಜಾಗವನ್ನು ಕಂಡುಕೊಳ್ಳುವುದು ಆ ಗೆರೆಗಳಿಂದಲೇ. ನುಡಿಯ ಕೀಲಿವಿನ್ಯಾಸದಲ್ಲಿ ಎಫ್ ಕೀಲಿಗೆ ಇನ್ನೊಂದು ಮಹತ್ವವೂ ಇದೆ. ಒತ್ತಕ್ಷರ ಬಂದಲ್ಲೆಲ್ಲ ಅದನ್ನೇ ಒತ್ತಬೇಕು. ‘ಕ್ಕ’ ಎಂದು ಮೂಡಿಸಲು ಕೆ, ಎಫ್, ಕೆ ಎಂದು ಮೂರು ಕೀಲಿಗಳನ್ನು ಒತ್ತುತ್ತೇವೆ. ಒತ್ತಕ್ಷರವಿಲ್ಲದ ಕನ್ನಡ ವಾಕ್ಯ ಎಷ್ಟು ಸಿಗುತ್ತದೆ ಹೇಳಿ!

ಸಿಲಿಕೋನ್ ಕವರ್ ಹಾಕಿದಾಗ ಆ ಉಬ್ಬುಗೆರೆಯ ಸ್ಪರ್ಶ ಮಸುಕಾಗುತ್ತದೆ. ಕೀಲಿ ಪೂರ್ತಿ ಇಳಿಯಿತೋ ಇಲ್ಲವೋ ಎಂಬುದೂ ಬೆರಳಿಗೆ ಸರಿಯಾಗಿ ತಿಳಿಯುವುದಿಲ್ಲ, ಏಕೆಂದರೆ ಸಿಲಿಕೋನ್ ತಾನೇ ಸ್ವಲ್ಪ ಕುಗ್ಗಿ ಮೇಲೇಳುತ್ತದೆ. ನಾನು ಎರಡು ತಿಂಗಳು ಬಳಸಿ ನೋಡಿದೆ. ಒತ್ತಕ್ಷರಗಳು ತಪ್ಪಿ ‘ಅಕ್ಕ’ ಎಂಬುದು ‘ಅಕಕ’ ಆಗಿ ನಿಂತದ್ದನ್ನು ಕರಡು ತಿದ್ದುವವರು ತೋರಿಸಿದ ಮೇಲೆ ತೆಗೆದುಹಾಕಿದೆ. ಗಟ್ಟಿಯಾಗಿ ಒತ್ತುವ ಅಭ್ಯಾಸ ಬಂದು ಸಂಜೆಯ ಹೊತ್ತಿಗೆ ಬೆರಳಿನ ಗಿಣ್ಣುಗಳೂ ನೋಯುತ್ತಿದ್ದವು. ಟಿಪಿಯು ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ತೆಳುವಾದ ಕವರ್ ಇದಕ್ಕಿಂತ ಮೇಲು, ಆದರೆ ಅದೂ ಕೆಲವು ತಿಂಗಳಲ್ಲಿ ಸುಕ್ಕಾಗಿ ಮೂಲೆಗಳಲ್ಲಿ ಎದ್ದು ನಿಲ್ಲುತ್ತದೆ.

ದಿನಕ್ಕೆ ಮೂರು ಗಂಟೆ ಟೈಪ್ ಮಾಡುವವರಿಗೆ ನನ್ನ ಸಲಹೆ ಬೇರೆಯೇ. ಆರುನೂರು ಏಳುನೂರು ರೂಪಾಯಿಗೆ ಯುಎಸ್‌ಬಿ ತಂತಿಯ ಬೇರೆ ಕೀಬೋರ್ಡೊಂದನ್ನು ಕೊಳ್ಳಿರಿ. ಧೂಳಾಗಲಿ, ಚಹಾ ಆಗಲಿ ಅದರ ಮೇಲೆ ಬೀಳಲಿ, ಕೆಟ್ಟರೆ ಬದಲಿಸಿದರಾಯಿತು. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೆ ಎತ್ತರಿಸಿ ಇಟ್ಟುಕೊಂಡರೆ ಕುತ್ತಿಗೆಗೂ ಹಿತ. ಆದರೆ ತಳದ ಜಾಲಂಧ್ರ ಮುಚ್ಚದಂತೆ ಪುಸ್ತಕಗಳನ್ನು ಎರಡು ಅಂಚುಗಳಿಗೆ ಮಾತ್ರ ಕೊಡಬೇಕು.

ಉತ್ತರ 3: ಕುಂದಾಪುರದಿಂದ, ನಾಲ್ಕು ವರ್ಷದ ಮಗುವಿನ ತಾಯಿ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದಲೇ ಓದಿದೆ. ಆದರೂ ಕವರ್ ಬೇಡವೇ ಬೇಡ ಎಂಬ ತೀರ್ಮಾನಕ್ಕೆ ನಾನು ಒಪ್ಪಲಾರೆ. ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ನನ್ನ ಪಕ್ಕದಲ್ಲಿ ಸದಾ ಒಂದು ಮಗು ಇರುತ್ತದೆ. ಹೋದ ವರ್ಷ ಮಗಳು ಅರ್ಧ ಲೋಟ ಹಾಲನ್ನು ನೇರವಾಗಿ ಕೀಬೋರ್ಡಿನ ಮೇಲೆಯೇ ಚೆಲ್ಲಿದಳು. ಕವರ್‌ನ ಗುಳಿಗಳಲ್ಲಿ ಹಾಲು ನಿಂತುಕೊಂಡಿತು. ಅದನ್ನು ನಾಲ್ಕು ಮೂಲೆ ಹಿಡಿದು ಎತ್ತಿ ಬಚ್ಚಲಿಗೆ ಒಯ್ದು ಸುರಿದೆ. ಅಂಚಿನಿಂದ ಜಾರಿದ ಕೆಲವು ಹನಿಗಳನ್ನು ಒರೆಸಿ, ಯಂತ್ರವನ್ನು ಆರಿಸಿ, ಬೋರಲಾಗಿ ಒಂದು ದಿನ ಇಟ್ಟೆ. ಇಂದಿಗೂ ಅದೇ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ದ್ರವ ಚೆಲ್ಲಿದ ಹಾನಿ ಸಾಮಾನ್ಯ ವಾರಂಟಿಯೊಳಗೆ ಬರುವುದಿಲ್ಲ, ಅದಕ್ಕೆ ಬೇರೆ ಹಣ ಕಟ್ಟಿ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಪಡೆದಿರಬೇಕು ಎಂಬುದು ನನಗೆ ತಿಳಿದದ್ದೇ ಅದಾದ ಮೇಲೆ.

ಹಾಗೆಂದು ಕವರನ್ನು ಹಾಕಿ ಮರೆತುಬಿಡುವುದೂ ಸರಿಯಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಜೂನಿನಿಂದ ಆಗಸ್ಟ್‌ವರೆಗೆ ಕವರನ್ನು ತೆಗೆಯದೇ ಬಿಟ್ಟಿದ್ದ ಒಂದು ವರ್ಷ, ಅದರ ಅಡಿಯಲ್ಲಿ ಬೆರಳ ಬೆವರೂ ಗಾಳಿಯ ತೇವವೂ ಸೇರಿ ಕೀಲಿಗಳ ಮೇಲೆ ಬಿಳಿಯ ಪದರ ಕಟ್ಟಿ ಮುಗ್ಗಲು ವಾಸನೆ ಬಂದಿತ್ತು. ಈಗ ಮಗಳು ಎದ್ದಿರುವಾಗ ಮಾತ್ರ ಹಾಕುತ್ತೇನೆ. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸುತ್ತೇನೆ. ಕೊಳ್ಳುವವರು ತಮ್ಮ ಯಂತ್ರದ ಮಾದರಿ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು. ಎಲ್ಲಕ್ಕೂ ಹೊಂದುತ್ತದೆ ಎಂದು ಮಾರುವ ಸಪಾಟು ಹಾಳೆ ಜರುಗುತ್ತಲೇ ಇರುತ್ತದೆ. ಪವರ್ ಕೀಲಿಯಲ್ಲಿಯೇ ಬೆರಳಚ್ಚು ಗುರುತಿಸುವ ವ್ಯವಸ್ಥೆ ಇದ್ದರೆ ಅಲ್ಲಿ ಕವರ್‌ಗೆ ಕಿಂಡಿ ಇರಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹುಬ್ಬಳ್ಳಿಯ ಸರ್ ಕೇಳಿದ ಪ್ರಶ್ನೆಗೆ ಉತ್ತರಿಸಲೆಂದು ಹಳೆಯ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿ ಪರೀಕ್ಷಿಸಿದೆ. ನಿಂತಿರುವ ಐದು ಕೀಲಿಗಳು ಬೇರೆ ಬೇರೆ ಸಾಲುಗಳಲ್ಲಿ ಚದುರಿಕೊಂಡಿವೆ, ಮತ್ತು ಅವು ಒಂದೇ ಬೆಳಿಗ್ಗೆ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಕೆಲವು ದಿನಗಳ ಹಿಂದೆ ಮೌಲ್ಯಮಾಪನಕ್ಕೆಂದು ರಾಯಚೂರಿಗೆ ಹೋಗುವಾಗ ಚೀಲದಲ್ಲಿ ನೀರಿನ ಬಾಟಲಿಯ ಮುಚ್ಚಳ ಸಡಿಲಾಗಿ ಉತ್ತರಪತ್ರಿಕೆಯ ಸೂಚನೆಗಳೆಲ್ಲ ಒದ್ದೆಯಾಗಿದ್ದವು. ಲ್ಯಾಪ್‌ಟಾಪನ್ನು ಮೇಲೆ ಒರೆಸಿ, ಆನ್ ಆಯಿತೆಂದು ಸಮಾಧಾನ ಪಟ್ಟುಕೊಂಡಿದ್ದೆ. ಆ ಎರಡು ಸಂಗತಿಗಳನ್ನು ನಾನು ಈವರೆಗೆ ಕೂಡಿಸಿ ನೋಡಿರಲೇ ಇಲ್ಲ. ಇಷ್ಟು ದಿನ ಮಿಲ್ಲಿನ ಧೂಳನ್ನೇ ದೂರುತ್ತಿದ್ದೆ.

ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ. ಹೀಗಾಗಿ ಕವರ್ ಕೊಳ್ಳುವುದನ್ನು ಬಿಟ್ಟು ಬೇರೆ ಕೀಬೋರ್ಡನ್ನು ತರಿಸಲು ನಿರ್ಧರಿಸಿದ್ದೇನೆ. ಒತ್ತಕ್ಷರದ ಮಾತು ಕನ್ನಡ ಶಿಕ್ಷಕಿಯಾದ ನನಗೆ ಬಹಳ ನಾಟಿತು. ಕೆಲಸವಿಲ್ಲದ ಹೊತ್ತಿನಲ್ಲಿ ಲ್ಯಾಪ್‌ಟಾಪನ್ನು ಮುಚ್ಚಿ ಮೇಲೊಂದು ಹತ್ತಿಯ ಬಟ್ಟೆ ಹೊದಿಸುತ್ತೇನೆ, ನೀರಿನ ಬಾಟಲಿಗೆ ಬೇರೆ ಚೀಲ ಮಾಡಿದ್ದೇನೆ. ಇನ್ನೊಂದೇ ಸಂದೇಹ: ತಳದಿಂದ ಫ್ಯಾನಿಗೆ ಹೋಗುವ ಧೂಳನ್ನು ಮನೆಯಲ್ಲಿಯೇ ತೆಗೆಯಬಹುದೇ?

ಉತ್ತರ 4: ಹುಬ್ಬಳ್ಳಿಯ ದುರಸ್ತಿಗಾರ

ತಳದ ಜಾಲಂಧ್ರವನ್ನು ಒಣಗಿದ ಮೆತ್ತನೆಯ ಬ್ರಷ್ಷಿನಿಂದ ವಾರಕ್ಕೊಮ್ಮೆ ಉಜ್ಜಿದರೆ ಮನೆಯ ಮಟ್ಟಿಗೆ ಸಾಕು, ಮೇಡಂ. ಅದಕ್ಕೂ ಮೊದಲು ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತಿರಬೇಕು. ಮೋಟಾರು ಅಂಗಡಿಗಳಲ್ಲಿರುವ ಬ್ಲೋವರ್‌ನಿಂದ ಹೊರಗಿನಿಂದ ಊದಿಸಬೇಡಿ. ಆ ರಭಸಕ್ಕೆ ಫ್ಯಾನು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ, ಧೂಳು ಇನ್ನೂ ಒಳಗೆ ಸರಿಯುತ್ತದೆ. ನಿಮ್ಮಂತಹ ಜಾಗದಲ್ಲಿ ವರ್ಷಕ್ಕೊಮ್ಮೆ ತಳ ಬಿಚ್ಚಿಸಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಒಳಗಿನ ಪುಡಿಯನ್ನು ತೆಗೆಸಬೇಕು. ವಾರಂಟಿ ಇರುವವರೆಗೆ ಕಂಪನಿಯ ಸೇವಾ ಕೇಂದ್ರದಲ್ಲಿಯೇ ಮಾಡಿಸಿರಿ. ಬೇಸಿಗೆಯ ಬೆಳೆಯ ಮಿಲ್ಲಿಂಗ್ ಮುಗಿದು ಮಳೆ ಹಿಡಿಯುವ ಮೊದಲು ಮಾಡಿಸಿದರೆ ಒಳ್ಳೆಯದು. ಒಳಗೆ ಕುಳಿತ ಹೊಟ್ಟಿನ ಪುಡಿ ಮಳೆಗಾಲದ ತೇವ ಹೀರಿ ಗಟ್ಟಿಯಾದರೆ ಬ್ರಷ್ಷಿಗೆ ಬರುವುದಿಲ್ಲ.

ಹಳೆಯ ಯಂತ್ರವನ್ನು ಅಟ್ಟಕ್ಕೆ ಏರಿಸಬೇಡಿ. ಅದು ಹಳೆಯ ಮಾದರಿಯಾದ್ದರಿಂದ ಕೀಬೋರ್ಡು ಬೇರೆಯಾಗಿ ಬಿಚ್ಚಿ ಬರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಕಡಿಮೆ ಖರ್ಚಿನಲ್ಲಿ ಬದಲಿಸಿ, ನಿಮ್ಮ ಶಾಲೆಯ ಮಕ್ಕಳಿಗೆ ಟೈಪಿಂಗ್ ಕಲಿಸಲು ಇಟ್ಟುಕೊಳ್ಳಬಹುದು.